ಮಾರಾಟಕ್ಕಿಲ್ಲದ ಕಟರ್

ನಾನೊಂದು ತರಕಾರಿ ಹೆಚ್ಚುವ ಕಟರ್. ಹಸಿರು ಪ್ಲಾಸ್ಟಿಕ್ ಮೈ, ನಡುವೆ ಓರೆಯಾಗಿ ಒಂದು ಬ್ಲೇಡು. ಕಾರ್ಖಾನೆಯಲ್ಲಿ ನನ್ನ ಜೊತೆ ಒಂದೇ ದಿನ ಸಾವಿರ ಕಟರ್‌ಗಳು ಹುಟ್ಟಿದವು. ಅವೆಲ್ಲ ಮಾರಾಟಕ್ಕೆ ಹೋದವು, ನಾನು ಮಾತ್ರ ಹೆಚ್ಚಿ ತೋರಿಸುವುದಕ್ಕೆ ಉಳಿದೆ. ಅದಕ್ಕೇ ನನಗೆ ಸ್ವಲ್ಪ ಕೊಬ್ಬು ಜಾಸ್ತಿಯಿತ್ತು, ಸುಳ್ಳೇಕೆ ಹೇಳಲಿ.

ನನ್ನ ಯಜಮಾನ ಚನ್ನವೀರಪ್ಪ. ಹುಬ್ಬಳ್ಳಿಯಲ್ಲಿ ವರ್ಷಕ್ಕೊಮ್ಮೆ ನಡೆಯುವ ವಸ್ತು ಪ್ರದರ್ಶನದಲ್ಲಿ ಬಾಗಿಲ ಪಕ್ಕದ ಮೂಲೆ ಮಳಿಗೆ ಅವನದು. ಕೊರಳಿಗೆ ಮೈಕು ಸಿಕ್ಕಿಸಿಕೊಂಡು "ಬರ್ರಿ ಅಕ್ಕಾರ, ನೋಡಾಕ ರೊಕ್ಕಿಲ್ಲ" ಎಂದು ಶುರುಮಾಡಿದನೆಂದರೆ ಮಂದಿ ಕೂಡುತ್ತಿದ್ದರು. ದಿನಾ ಬೆಳಿಗ್ಗೆ ಅವನು ನನ್ನನ್ನು ಗುಟ್ಟಾಗಿ ಸಾಣೆಕಲ್ಲಿಗೆ ಹಚ್ಚುತ್ತಿದ್ದ. ಡಬ್ಬಿಯಲ್ಲಿದ್ದವಕ್ಕೆ ಆ ಭಾಗ್ಯವಿರಲಿಲ್ಲ. ಕೊಳ್ಳುವವರೂ ಹುಷಾರು, "ಡಬ್ಬಿದು ಬ್ಯಾಡ, ನಿಮ್ಮ ಕೈಯಾಗಿಂದ ಕೊಡ್ರಿ" ಅನ್ನುತ್ತಿದ್ದರು. "ತಗೋರಿ" ಎಂದವನೇ ನನ್ನನ್ನು ಟೇಬಲ್ ಕೆಳಗಿಳಿಸಿ, ಅದೇ ಬಣ್ಣದ ಹೊಸದನ್ನು ಮೇಲೆತ್ತಿ ಕೊಡುತ್ತಿದ್ದ. ಏಳು ವರ್ಷ ಹೀಗೇ ನಡೆಯಿತು.

ಆಮೇಲೆ ಅವನ ಗಂಟಲು ಕೈಕೊಟ್ಟಿತು. ಮೂರು ತಿಂಗಳು ಪಿಟ್ಟೆನ್ನಬಾರದು ಎಂದರು ಡಾಕ್ಟರು. ಹೆಂಡತಿ ಇಂದ್ರವ್ವ ಮೈಕು ಹಾಕಿಕೊಂಡಳು. ಮೊದಲ ದಿನ ಒಂದು ನೊಣವೂ ಇತ್ತ ಸುಳಿಯಲಿಲ್ಲ. ಪ್ರದರ್ಶನದ ಮ್ಯಾನೇಜರ್ ಬಂದು, "ಈ ಮೂಲ್ಯಾಗ ಮಂದಿ ನಿಂದ್ರಬೇಕ್ರೀ. ನಾಳೇನೂ ಹಿಂಗಾದ್ರ ಎದುರಿನ ನೆಲ ಒರಸೋ ಮಾಪ್ ಮಾರಾವಗ ಕೊಟ್ಟಬಿಡ್ತೀನಿ" ಎಂದ. ಮೂಲೆ ಹೋದರೆ ಹಿಂದಿನ ಸಾಲೇ ಗತಿ, ಅಲ್ಲಿ ಯಾರೂ ಕಾಲಿಡುವುದಿಲ್ಲ.

"ನಾಳೆ ನೋಡ್ರಿ" ಎಂದಳು ಇಂದ್ರವ್ವ, ಅಷ್ಟೇ.

ಮರುದಿನ ಅವಳು ಕೂಗಲೇ ಇಲ್ಲ. ಹೋಗುವ ಹೆಂಗಸರನ್ನು, "ಮನ್ಯಾಗ ಇವತ್ತ ಏನ್ ಪಲ್ಯಾ ಮಾಡೀರಿ?" ಎಂದು ಕೇಳಿದಳು. ಕೇಳಿದ ಮೇಲೆ ನಿಂತು ಉತ್ತರ ಕೊಡಬೇಕಲ್ಲ! ಹಾಗಲಕಾಯಿ ಎಂದವರಿಗೆ ಹಾಗಲಕಾಯಿ, ಆಲೂಗಡ್ಡೆ ಎಂದವರಿಗೆ ಆಲೂಗಡ್ಡೆ ಹೆಚ್ಚಿ ತೋರಿಸಿದಳು. ನೋಡನೋಡುತ್ತ ಇಪ್ಪತ್ತು ಜನ ಕೂಡಿದರು.

ಅವರ ನಡುವಿನಿಂದ ಗಂಗವ್ವ ಎಂಬ ಮುದುಕಿ ಮುಂದೆ ಬಂದು, ಚೀಲದಿಂದ ಒಂದು ಕಟರ್ ತೆಗೆದು ಟೇಬಲ್ ಮೇಲಿಟ್ಟಳು. "ಹೋದ ವರ್ಷ ನಿನ್ನ ಗಂಡ ಕೈಯಾಗಿಂದು ಅಂತ ಹೇಳಿ ಇದನ್ನ ಕೊಟ್ಟಾನ. ಟೊಮ್ಯಾಟೊ ಹೆಚ್ಚಂಗಿಲ್ಲ, ಹಿಚುಕತೈತಿ. ಈ ಸಲ ಖರೇನ ಕೈಯಾಗಿಂದ ಕೊಡು."

ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಚನ್ನವೀರಪ್ಪ ಕಣ್ಣಲ್ಲೇ ಕೆಳಗೆ ತೋರಿಸಿದ. ಇಂದ್ರವ್ವನ ಕೈ ನನ್ನನ್ನು ಹಿಡಿದುಕೊಂಡು ಟೇಬಲ್ ಕೆಳಗೆ ಹೋಯಿತು. ನನಗೋ ನಿಶ್ಚಿಂತೆ. ಆದರೆ ಆ ಕೈ ಮೇಲೆ ಬಂದಾಗ ಅದರಲ್ಲಿ ನಾನೂ ಇದ್ದೆ, ಸಾಣೆಕಲ್ಲೂ ಇತ್ತು.

"ತಗೋಬೇ ಯವ್ವಾ" ಎಂದು ನನ್ನನ್ನು ಗಂಗವ್ವನ ಕೈಗಿಟ್ಟಳು. "ದಿನಾ ಇದನ್ನೊಂದ ಮಸೀತಿದ್ವಿ. ಡಬ್ಬಿದು ಮಸೀತಿದ್ದಿಲ್ಲ. ತಪ್ಪು ನಮ್ದು."

ನನಗೆ ಅವಮಾನವೂ ಆಯಿತು, ಭಯವೂ ಆಯಿತು. ಎದುರಿನ ಮಾಪಿನವನು ನಕ್ಕ. ಇಂದ್ರವ್ವ ತಲೆ ಎತ್ತದೆ, ಗಂಗವ್ವ ತಂದಿದ್ದ ಮೊಂಡು ಕಟರನ್ನು ಎಲ್ಲರೆದುರೇ ಮಸೆದಳು. ಕರಕರ ಸದ್ದು ಮೈಕಿನಲ್ಲಿ ಬಾಗಿಲವರೆಗೂ ಕೇಳಿಸಿತು. ಆಮೇಲೆ ಟೊಮೆಟೊ ಇಟ್ಟು ಎಳೆದಳು. ತೆಳ್ಳನೆಯ ಹೋಳು ಬಿತ್ತು.

"ಇನ್ನ ಮ್ಯಾಲ ಮಸದ ಕೊಡ್ತೀನಿ. ಮೊಂಡಾದ್ರ ಮುಂದಿನ ವರ್ಷ ತಗೊಂಡ ಬರ್ರಿ, ಇಲ್ಲೇ ಇರ್ತೀನಿ."

ಚನ್ನವೀರಪ್ಪ ಎದ್ದುಬಂದ. ಅವಳ ಕೈಯಿಂದ ಸಾಣೆಕಲ್ಲು ತೆಗೆದುಕೊಂಡು, ಡಬ್ಬಿಯಿಂದ ಹೊಸದೊಂದನ್ನು ತೆಗೆದು ಮಸೆಯಲು ಕೂತ. ಸಂಜೆ ಮ್ಯಾನೇಜರ್ ಬಂದಾಗ ಮಂದಿಯ ನಡುವೆ ತೂರಿಕೊಂಡು ಬರಲು ಅವನಿಗೇ ದಾರಿಯಿರಲಿಲ್ಲ.

ಈಗ ನನಗೆ ವಯಸ್ಸಾಗಿದೆ. ಹಿಡಿ ಬಿರುಕು ಬಿಟ್ಟಿದೆ, ಮಸೆದು ಮಸೆದು ಬ್ಲೇಡು ಅರ್ಧವಾಗಿದೆ. ವರ್ಷಕ್ಕೊಮ್ಮೆ ಗಂಗವ್ವನ ಚೀಲದಲ್ಲಿ ಕೂತು ಇಂದ್ರವ್ವನ ಮೂಲೆಗೆ ಹೋಗಿಬರುತ್ತೇನೆ. ಉಳಿದ ದಿನವೆಲ್ಲ ಅಡುಗೆಮನೆಯ ಕಟ್ಟೆಯೇ ನನ್ನ ಜಾಗ. ಇಲ್ಲಿ ನನ್ನನ್ನು ಸುತ್ತುಗಟ್ಟಿ ಯಾರೂ ನೋಡುವುದಿಲ್ಲ. ಮೊದಮೊದಲು ಅದರಿಂದ ತುಂಬ ಬೇಜಾರಾಗುತ್ತಿತ್ತು. ಆದರೆ ಮಳಿಗೆಯಲ್ಲಿ ಏಳು ವರ್ಷ ನಾನು ಹೆಚ್ಚಿದ್ದೆಲ್ಲ ಕಸದ ಬುಟ್ಟಿಗೆ ಹೋಗಿತ್ತು. ಇಲ್ಲಿ ಉಣ್ಣುತ್ತಾರೆ.