ಎಳೆದು ಬಿಸಾಕ್ಲಾ?

ಅಕ್ಕನಿಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಆ ಮಧ್ಯಾಹ್ನ ಅದು ಇಳಿದದ್ದು ಕಂಪ್ಯೂಟರಿನ ಮೇಲೆ. ಸಾಬೂನು ತಯಾರಿಸುವ ಗಿರಾಕಿಯೊಬ್ಬರು ತಮ್ಮ ಲೇಬಲ್‌ಗಳಿಗಾಗಿ ಪ್ರಿಂಟಿಂಗ್ ಅಂಗಡಿಯ ಬೆಂಚಿನ ಮೇಲೆ ಕೂತು, ಕಾಲು ಅಲ್ಲಾಡಿಸುತ್ತ, ಆಗಾಗ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಪ್ರಿಂಟರ್ ಮಾತ್ರ ಕೆಂಪು ದೀಪ ಹೊತ್ತಿಸಿಕೊಂಡು ಮುಷ್ಕರ ಹೂಡಿತ್ತು. ಡಿಸ್ಕಿನಲ್ಲಿ ಜಾಗವಿಲ್ಲ, ಏನಾದರೂ ಅಳಿಸಿದರೆ ಮಾತ್ರ ಕೆಲಸ ಎಂದು ಪರದೆ ಹೇಳುತ್ತಿತ್ತು.

ಅಳಿಸುವುದೆಂದರೆ ಅಷ್ಟು ಸುಲಭವೇ? ಆ ಅಂಗಡಿಯ ಫೈಲುಗಳು ಮಹಾ ಹಟಮಾರಿಗಳು. ಡಿಸೈನ್ ಮಾಡುವ ಪ್ರೋಗ್ರಾಂ ಅರ್ಧ ದಾರಿಯಲ್ಲಿ ಕೈಕೊಟ್ಟರೂ ಫೈಲನ್ನು ಮಾತ್ರ ಬಿಟ್ಟುಕೊಡುತ್ತಿರಲಿಲ್ಲ. ಅಳಿಸಹೋದರೆ 'ಬೇರೆಯವರು ಬಳಸುತ್ತಿದ್ದಾರೆ' ಎಂಬ ಉತ್ತರ. ಇದಕ್ಕೆಂದೇ ತಂಗಿ ಒಂದು ಸ್ಕ್ರಿಪ್ಟ್, ಅಂದರೆ ಪುಟ್ಟದೊಂದು ಪ್ರೋಗ್ರಾಂ, ಬರೆದಿಟ್ಟಿದ್ದಳು. ಅದರ ಹೆಸರು ಪೊರಕೆ. ಫೋಲ್ಡರಿನ ಹೆಸರು ಕೊಟ್ಟರೆ ಸಾಕು, ಅದನ್ನು ಯಾರು ಹಿಡಿದಿದ್ದಾರೆಂದು ಹುಡುಕಿ, ಅವರ ಕೈ ಬಿಡಿಸಿ, ಇದ್ದದ್ದನ್ನೆಲ್ಲ ಗುಡಿಸಿಹಾಕುತ್ತಿತ್ತು. ಹಾಗೆ ಹೋದದ್ದು ಮತ್ತೆ ಸಿಗುವ ಮಾತೇ ಇಲ್ಲ. ಅದಕ್ಕೇ ಕೈ ಬಿಡಿಸುವ ಮುಂಚೆ ಒಮ್ಮೆ, ತಂಗಿಯ ಮಾತಿನಲ್ಲೇ, ಕೇಳುತ್ತಿತ್ತು: 'ಎಳೆದು ಬಿಸಾಕ್ಲಾ?' ಅಕ್ಕ 'ಹೂಂ' ಎಂದು ಟೈಪ್ ಮಾಡಬೇಕು. ಬೇರೆ ಏನು ಬರೆದರೂ ಪೊರಕೆ ಕದಲುತ್ತಿರಲಿಲ್ಲ. ಬರೀ ಒಂದು ಗುಂಡಿ ಇಟ್ಟರೆ ಅಕ್ಕ ಓದದೆಯೇ ಒತ್ತಿಬಿಡುತ್ತಾಳೆ ಎಂದು ತಂಗಿ ನಕ್ಕಿದ್ದಳು.

ಆ ತಂಗಿ ಅಂಗಡಿ ಬಿಟ್ಟು ವರ್ಷವಾಗುತ್ತ ಬಂದಿತ್ತು. ದೂರದ ಊರಿನಲ್ಲಿ ಬೇರೆಯವರ ಪ್ರೆಸ್ಸಿಗೆ ಸೇರಿದ್ದಳು. ಕಾರಣ ಅಕ್ಕನ ಒಂದೇ ಒಂದು ಮಾತು. ಗಿರಾಕಿಗಳ ಕೆಲಸದ ನಡುವೆ ತಂಗಿ ಮಕ್ಕಳ ಪುಸ್ತಕವೊಂದಕ್ಕೆ ಚಿತ್ರ ಬರೆಯುತ್ತಿದ್ದಳು. ಮನೆದಾರಿ ಮರೆತ ಬಸ್ಸಿನ ಕಥೆ. ಒಂದು ದಿನ ಡಿಸ್ಕು ಹೀಗೇ ತುಂಬಿದಾಗ ಅಕ್ಕ ನಾಲ್ಕು ಜನರ ಎದುರಿಗೇ, "ಈ ಕಸ ಎಲ್ಲ ಯಾಕೆ ತುಂಬಿಸಿಡ್ತೀಯ?" ಎಂದುಬಿಟ್ಟಳು. ತಂಗಿ ಚಿತ್ರಗಳ ಫೋಲ್ಡರಿಗೆ 'ಕಸ' ಎಂದೇ ಹೆಸರಿಟ್ಟು, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಅಂದಿನಿಂದ ಇಬ್ಬರ ಬಾಯಿಗೂ ಬೀಗ. ನಡುವೆ ಅಮ್ಮ ಸುದ್ದಿ ಸಾಗಿಸುತ್ತಿದ್ದಳು. ಅವಳಿಗೆ ನೆಗಡಿಯಂತೆ, ರೂಮಿನಲ್ಲಿ ಬಿಸಿಲೇ ಬೀಳಲ್ಲವಂತೆ. ಅಕ್ಕ ಕೇಳಿಸದವಳಂತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ತಂಗಿಯ ಕುರ್ಚಿಯಲ್ಲಿ ಬೇರೆ ಯಾರೂ ಕೂರದಂತೆ ಅದರ ಮೇಲೆ ಕಾಗದದ ಕಟ್ಟುಗಳನ್ನು ಪೇರಿಸಿಟ್ಟಿದ್ದಳು. ಕೇಳಿದವರಿಗೆ ಜಾಗವಿಲ್ಲ ಎನ್ನುತ್ತಿದ್ದಳು.

'ಕಸ'ವನ್ನು ಮುಟ್ಟಲು ಇಷ್ಟು ದಿನ ಅವಳಿಗೆ ಕೈ ಬಂದಿರಲಿಲ್ಲ. ಇವತ್ತು ಬೆಂಚಿನ ಕಡೆಯಿಂದ ಮತ್ತೆ ಗಂಟಲಿನ ಸದ್ದು ಬಂತು. ಹೇಗೂ ಹೋಗುವಾಗ ಚಿತ್ರಗಳನ್ನೆಲ್ಲ ಒಯ್ದಿರುತ್ತಾಳೆ, ಇಲ್ಲಿ ಉಳಿದಿರುವುದು ಬರೀ ಸಿಪ್ಪೆ ಎಂದುಕೊಂಡು ಅಕ್ಕ ಪೊರಕೆಗೆ ಆ ಹೆಸರು ಕೊಟ್ಟಳು. ಪೊರಕೆ ಅರೆಗಳಿಗೆ ಹುಡುಕಾಡಿ ನಿಂತಿತು.

'ಬಾಲ ಹಿಡ್ಕೊಂಡಿದೆ. ಎಳೆದು ಬಿಸಾಕ್ಲಾ?'

ಅಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ಚಿಕ್ಕಂದಿನಲ್ಲಿ ಅಕ್ಕ ಬಚ್ಚಲಿಗೆ ಹೋದರೂ ಬಾಗಿಲಲ್ಲಿ ಕಾದು ನಿಲ್ಲುತ್ತಿದ್ದವಳಿಗೆ ಮನೆಯವರು ಇಟ್ಟ ಹೆಸರು ಬಾಲ. ಲ್ಯಾಪ್‌ಟಾಪ್ ಕೊಂಡಾಗ ತಂಗಿ ಆ ಹೆಸರನ್ನು ಅದಕ್ಕೆ ದಾಟಿಸಿದ್ದಳು. ಕಾಲು ಉಳುಕಿ ಮನೆಯಲ್ಲಿ ಮಲಗಿದ್ದಾಗ, ಮಲಗಿದಲ್ಲಿಂದಲೇ ಇಂಟರ್ನೆಟ್ಟಿನಲ್ಲಿ ಅಂಗಡಿಯ ಡಿಸ್ಕಿಗೆ ಒಂದು ದಾರಿಯನ್ನೂ ಮಾಡಿಕೊಂಡಿದ್ದಳು. ಆ ದಾರಿಯನ್ನು ಅಕ್ಕ ಮುಚ್ಚಿರಲಿಲ್ಲ. ಹೇಗೆ ಮುಚ್ಚುವುದೋ ಗೊತ್ತಿಲ್ಲ ಎಂದು ತನಗೆ ತಾನೇ ಸಬೂಬು ಹೇಳಿಕೊಂಡಿದ್ದಳು.

ಫೋಲ್ಡರ್ ತೆರೆದು ನೋಡಿದಳು. ಬಸ್ಸಿನ ಚಿತ್ರ ಈಗಷ್ಟೇ ಉಳಿಸಿದ್ದು. ನೋಡುತ್ತಿದ್ದಂತೆಯೇ ಅದರ ಪಕ್ಕದ ಸಮಯ ಬದಲಾಯಿತು. ತಂಗಿ ಇನ್ನೊಂದು ಗೆರೆ ಎಳೆದಿದ್ದಳು. ಕೆಳಗಿನ ಚಿತ್ರಗಳಲ್ಲಿ ನಿನ್ನೆಯದಿತ್ತು, ಮೊನ್ನೆಯದಿತ್ತು, ಹೋದ ತಿಂಗಳಿನದೂ ಇತ್ತು. ಎಲ್ಲವನ್ನೂ ಒಯ್ಯಲು ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕಿತ್ತು. ಅವಳು ಒಯ್ದಿರಲಿಲ್ಲ. ಅಷ್ಟು ದೂರದಿಂದ ದಿನದಿನವೂ ಈ ಅಂಗಡಿಯೊಳಕ್ಕೆ ಬಂದು, ಅಕ್ಕನ ಬೆನ್ನ ಹಿಂದೆಯೇ ಇದ್ದು, ಚಿತ್ರ ಬರೆದು, ಸದ್ದಿಲ್ಲದೆ ಹೋಗುತ್ತಿದ್ದಳು.

ಅಕ್ಕನಿಗೆ ತಂಗಿ ಬೇಕಾಗಿದ್ದಳು. ವರ್ಷವಿಡೀ ಬೇಕಾಗಿದ್ದಳು. ಅದನ್ನು ಒಪ್ಪಿಕೊಳ್ಳಲು ಈ ಹಾಳು ಯಂತ್ರವೇ ಹೇಳಬೇಕಾಯಿತು. ಪರದೆಯ ಪ್ರಶ್ನೆಗೆ ಅವಳು 'ಉಹೂಂ' ಎಂದು ಬರೆದಳು.

ಸಾಬೂನಿನವರು ಇವತ್ತು ಆಗುತ್ತದೋ ಇಲ್ಲವೋ ಎಂದು ಕೇಳಿದರು. ಆಗುತ್ತದೆ ಎಂದು ಅಕ್ಕ ತನ್ನದೇ ಫೋಲ್ಡರಿಗೆ ಕೈ ಹಾಕಿದಳು. ಅದರ ಹೆಸರು 'ಮುಖ್ಯ'. ಒಳಗೆ ಹಳೇ ಕ್ಯಾಲೆಂಡರುಗಳು, ಎಂದೋ ಮುಚ್ಚಿಹೋದ ಅಂಗಡಿಗಳ ವಿಸಿಟಿಂಗ್ ಕಾರ್ಡುಗಳು, ಒಂದಕ್ಕೆ ಹತ್ತು ಪ್ರತಿಗಳು. ಪೊರಕೆ ಅದನ್ನೆಲ್ಲ ಒಂದೇ ಏಟಿಗೆ ಗುಡಿಸಿತು. ಹಿಡಿದುಕೊಂಡವರು ಯಾರೂ ಇರಲಿಲ್ಲ. ಪ್ರಿಂಟರ್ ಗುರುಗುಟ್ಟಿ ಲೇಬಲ್ ಉಗುಳತೊಡಗಿತು.

ಆಮೇಲೆ ಅಕ್ಕ 'ಕಸ'ದ ಹೆಸರು ಬದಲಿಸಹೊರಟಳು. ಏನಿಡಬೇಕೆಂದು ಗೊತ್ತಿರಲಿಲ್ಲ, ಆ ಎರಡಕ್ಷರ ಹೋದರೆ ಸಾಕಿತ್ತು. ಆಗಲಿಲ್ಲ. 'ಬೇರೆಯವರು ಬಳಸುತ್ತಿದ್ದಾರೆ.' ತಂಗಿ ಕೈ ಬಿಡುವವರೆಗೂ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಕೈ ಬಿಟ್ಟರೆ ತಂಗಿ ಇಲ್ಲಿರುವುದೇ ಇಲ್ಲ. ನಾಳೆ ಬಂದು ಹುಡುಕಿ, ಆ ಹೆಸರು ಕಾಣದಿದ್ದರೆ, ಅಕ್ಕ ಗುಡಿಸಿಯೇಬಿಟ್ಟಳು ಎಂದುಕೊಂಡಾಳು. ಬೇರೆ ದಾರಿ ಕಾಣದೆ ಅಕ್ಕ ಫೋನು ಕೈಗೆತ್ತಿಕೊಂಡಳು.

ತಂಗಿ ತಕ್ಷಣ ಎತ್ತಿದಳು. ಕದ್ದು ಒಳಗೆ ಬಂದು ಸಿಕ್ಕಿಬಿದ್ದವಳ ದನಿಯಲ್ಲಿ ಅವಳೇ ಮೊದಲು ಮಾತಾಡಿದಳು.

"ಡಿಸ್ಕ್ ತುಂಬ್ತಾ ಅಕ್ಕ? ಈಗ್ಲೇ ಮುಚ್ಚಿಬಿಡ್ತೀನಿ. ನೀನು ಗುಡಿಸ್ಕೋ."

ತಪ್ಪಾಯಿತು ಎನ್ನುವುದಕ್ಕೆ ಅಕ್ಕ ಎಷ್ಟೋ ದಿನಗಳಿಂದ ಮಾತು ಜೋಡಿಸಿಟ್ಟಿದ್ದಳು. ಹೊರಗೆ ಬಂದದ್ದು ಬೇರೆಯೇ.

"ಬಿಡಬೇಡ ಕಣೇ," ಎಂದಳು. "ಹಿಡ್ಕೊಂಡಿರು."

ಅಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ಪರದೆ ನೋಡಿದಳು. ಬಾಲ ಹಿಡಿದುಕೊಂಡೇ ಇತ್ತು.