ಐದನೆಯ ಟೈರಿನ ವಯಸ್ಸು

ಕೊಂಢವಾ ಬಡಾವಣೆಯ ಆ ಐದು ಮಹಡಿಯ ಕಟ್ಟಡದ ಪಾರ್ಕಿಂಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಗಾಡಿ ಬಸವಪ್ರಭುವಿನದು. ಏಳು ಜನ ಕೂರುವ ಗಾಡಿ. ಇನ್ನೊಬ್ಬರು ಓಡಿಸಿದ್ದನ್ನು ಕೊಂಡಿದ್ದರೂ ಹೊಸದರಂತೆ ಇಟ್ಟುಕೊಂಡಿದ್ದ. ಪ್ರತಿ ರವಿವಾರ ಅವನ ಪಾತ್ರೆ ಅಂಗಡಿಗೆ ರಜೆ. ಅವತ್ತು ಬಕೆಟ್ಟು ಹಿಡಿದು ಇಳಿದು ಬಂದು ಗಾಜು, ಬಾಗಿಲು, ಕನ್ನಡಿ ಎಲ್ಲ ಒರೆಸುತ್ತಿದ್ದ. ಟೈರಿನ ಕಡೆ ಮಾತ್ರ ಅವನ ಕಣ್ಣು ಹೋಗುತ್ತಿರಲಿಲ್ಲ. ನಾಲ್ಕೂ ಸವೆದು ನುಣ್ಣಗಾಗಿದ್ದವು.

"ರೀ, ಮೇ ತಿಂಗಳಾಗ ವಿಜಯಪುರಕ್ಕ ಹೋಗೋದದ. ಅದಕಿಂತ ಮೊದಲ ಟೈರ್ ಹಾಕಸ್ರಿ," ಎಂದು ಹೆಂಡತಿ ನೀತಾ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಿದಾಗ ಇಬ್ಬರೂ ರೇಣುವಿನ ಅಂಗಡಿಗೆ ಹೋದರು.

ರೇಣು ಇಂಡಿ ಕಡೆಯವಳು. ತಂದೆ ಅಂಬಣ್ಣ ತೀರಿಕೊಂಡ ಮೇಲೆ ಟೈರಿನ ಅಂಗಡಿಯನ್ನು ಅವಳೇ ನಡೆಸುತ್ತಾಳೆ. ಗಿರಾಕಿಗಳ ಜೊತೆ ಮರಾಠಿ, ಊರ ಕಡೆಯವರು ಬಂದರೆ ಕನ್ನಡ.

"ಐದೂ ಹಾಕಸ್ತೀರೇನ್ರಿ ಅಣ್ಣಾರ?"

"ಮೂರು ಸಾಕವ್ವ. ನಾಕನೇದು ನನ್ನ ಕಡೆನೇ ಅದ. ಸ್ಟೆಪ್ನಿ. ಒಮ್ಮಿನೂ ನೆಲಕ್ಕ ಹಚ್ಚಿಲ್ಲ, ಹೊಸಾದ್ದು. ಹಳೇವದ್ರಾಗ ಚಲೋದೊಂದು ಸ್ಟೆಪ್ನಿಗೆ ಇಡು. ಉಳಿದ ರೊಕ್ಕದಾಗ ಅಲ್ಲಿ ಹೊಳೀಲಿಕ್ಕತ್ತಾವಲ್ಲ, ಆ ಅಲಾಯ್ ಚಕ್ರ ಹಾಕು."

ಗಾಡಿಯ ಹೊಟ್ಟೆಯ ಕೆಳಗಿನಿಂದ ಸ್ಟೆಪ್ನಿ ಇಳಿಸಿದರು. ಹೊಸ ಟೈರಿನ ಮೈಮೇಲೆ ಇರುವ ಸಣ್ಣ ರಬ್ಬರಿನ ಕೂದಲು ಅದರ ಮೇಲೆ ಇನ್ನೂ ಹಾಗೆಯೇ ಇದ್ದವು. ರೇಣು ಅದನ್ನು ನೋಡಲಿಲ್ಲ. ಒದ್ದೆ ಅರಿವೆಯಿಂದ ಟೈರಿನ ಮಗ್ಗುಲು ಒರೆಸಿದಳು. ಅಲ್ಲಿ ಒಂದು ಉದ್ದನೆಯ ಸುತ್ತಿನೊಳಗೆ ನಾಲ್ಕು ಅಂಕಿಗಳಿದ್ದವು. 1815.

"ಇದು ಹುಟ್ಟಿದ ತಾರೀಖು ನೋಡ್ರಿ. ಮೊದಲ್ನೇ ಎರಡು ಅಂಕಿ ವಾರ, ಆಮ್ಯಾಲಿನ ಎರಡು ವರ್ಷ. ಎರಡು ಸಾವಿರದ ಹದಿನೈದು, ಹದಿನೆಂಟನೇ ವಾರ. ಒಂಬತ್ತು ವರ್ಷ ಆತ್ರಿ. ಹಾಕಬ್ಯಾಡ್ರಿ."

"ನನ್ನ ಮಗಳು ಚೇತನಾನ ವಾರಿಗೀದು ಅನ್ನು," ಎಂದು ಬಸವಪ್ರಭು ನಕ್ಕ. "ಅಕಿ ಏನ್ ಮುದುಕಿ ಆಗ್ಯಾಳೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನೀತಾಳೂ ನಕ್ಕಳು.

"ನಗಬ್ಯಾಡ್ರಿ. ರಬ್ಬರ್ ಓಡಿದ್ರ ಸವೀತದ, ಕುಂತ್ರ ಒಣಗತದ. ಮ್ಯಾಲ ನೋಡಿದ್ರ ಗೊತ್ತಾಗಂಗಿಲ್ಲ. ಐದು ವರ್ಷ ದಾಟಿತಂದ್ರ ವರ್ಷಕ್ಕೊಮ್ಮಿ ತೋರಿಸಬೇಕು. ಇಷ್ಟು ಹಳೇದನ್ನ, ಬ್ಯಾಸಗಿ ಬಿಸಲಾಗ, ಇಷ್ಟು ದೊಡ್ಡ ಗಾಡಿಗೆ ಭಾರ ಹೊರಿಸಿ ಓಡಿಸಿದ್ರ ಅದು ತಡೀತದೇನ್ರಿ?"

"ಟೈರ್ ಮಾರೋ ಅಂಗಡ್ಯಾಗ ಹಳೇ ಟೈರ್ ಚಲೋ ಅದ ಅಂತ ಯಾರರ ಅಂತಾರೇನವ್ವ?"

ರೇಣುವಿನ ಮುಖ ಸಣ್ಣದಾಯಿತು. ಅವಳು ನೀತಾಳ ಕಡೆ ತಿರುಗಿದಳು. "ವೈನಿ, ನೀವರ ಹೇಳ್ರಿ."

ನೀತಾಳಿಗೆ ಗೊತ್ತಿತ್ತು. ಹೋದ ದೀಪಾವಳಿಯಲ್ಲಿ ಅಟ್ಟದ ಮೇಲಿನ ಡಬ್ಬಿಯಿಂದ ಕುಕ್ಕರಿನ ಹೊಸ ರಬ್ಬರ್ ರಿಂಗು ತೆಗೆದಿದ್ದಳು. ವರ್ಷಗಟ್ಟಲೆ ಪಾಕೀಟಿನಲ್ಲೇ ಇದ್ದದ್ದು, ಒಮ್ಮೆಯೂ ಬಳಸದ್ದು. ಮೊದಲನೆಯ ಸೀಟಿ ಕೂಗುವಾಗಲೇ ಬಿರಿದು ಬೇಳೆ ಛಾವಣಿಗೆ ಹಾರಿತ್ತು. ಆ ಮಾತು ನಾಲಿಗೆಯ ತುದಿಗೆ ಬಂತು. ಆದರೆ ನಾಲ್ಕು ಜನರ ಮುಂದೆ ಗಂಡ ನಿಂತಿದ್ದಾನೆ. ಗಾಡಿಯ ಮಾತಿನಲ್ಲಿ ಕುಕ್ಕರಿನ ಮಾತು ತೆಗೆದರೆ ಇನ್ನೊಮ್ಮೆ ಎಲ್ಲರೂ ನಗುತ್ತಾರೆ.

"ಅವ್ರಿಗೆ ಗೊತ್ತಿರತದ ಬಿಡವಾ," ಎಂದಳು.

ರೇಣು ಸ್ಟೆಪ್ನಿಯನ್ನು ಹಾಕಲು ಒಪ್ಪಲಿಲ್ಲ. ಬಸವಪ್ರಭು ಗಾಡಿ ಹೊರಳಿಸಿ ಹೆದ್ದಾರಿಯ ಬದಿಯ ಬೇರೊಂದು ಅಂಗಡಿಗೆ ಒಯ್ದ. ಅಲ್ಲಿ ಯಾರೂ ತಾರೀಖು ಕೇಳಲಿಲ್ಲ, ಸ್ಟೆಪ್ನಿಯನ್ನು ಹಿಂದಿನ ಎಡಗಡೆಗೆ ಹಾಕಿಕೊಟ್ಟರು. ಸಂಜೆಗೆ ನಾಲ್ಕೂ ಚಕ್ರ ಥಳಥಳ ಹೊಳೆಯುತ್ತಿದ್ದವು.

ಮೇ ತಿಂಗಳ ಮಧ್ಯಾಹ್ನ. ದೌಂಡಿನ ದಾರಿ ದಾಟಿ ಗಾಡಿ ಸೊಲ್ಲಾಪುರದ ಕಡೆ ಓಡುತ್ತಿತ್ತು. ಮುಂದೆ ಗಂಡಹೆಂಡತಿ, ನಡುವೆ ಅತ್ತೆ ಚನ್ನಬಸವ್ವ ಮತ್ತು ಚೇತನಾ, ಹಿಂದೆ ತೊಟ್ಟಿಲ ಕಾರ್ಯಕ್ಕೆಂದು ಒಯ್ಯುತ್ತಿದ್ದ ಪಾತ್ರೆಗಳ ಮೂಟೆ. ಚೇತನಾ ಅಜ್ಜಿಯ ಕೈಯಿಂದ ಶೇಂಗಾ ಉಂಡಿ ಕಸಿದುಕೊಳ್ಳುತ್ತಿದ್ದಳು. ಹಿಂದಿನ ಎಡಗಡೆ ಸಿಡಿಮದ್ದು ಹಾರಿದಂಥ ಸದ್ದಾಯಿತು. ಬಸವಪ್ರಭು ಸ್ಟೇರಿಂಗ್ ಗಟ್ಟಿಯಾಗಿ ಹಿಡಿದ. ಹಿಡಿದರೂ ಗಾಡಿ ನಿಲ್ಲಲಿಲ್ಲ. ಎರಡು ಸಲ ಉರುಳಿತು.

ಮೂವರು ತರಚು ಗಾಯಗಳೊಂದಿಗೆ ಎದ್ದರು. ಚೇತನಾ ಏಳಲಿಲ್ಲ. ಬೆಲ್ಟು ಇದ್ದುದರಿಂದ ಜೀವ ಉಳಿಯಿತು ಎಂದರು ಡಾಕ್ಟರು. ಬೆನ್ನಿನ ನರಕ್ಕೆ ಪೆಟ್ಟಾಗಿದೆ, ಇನ್ನು ಅವಳು ನಡೆಯುವುದಿಲ್ಲ ಎಂದರು. ಅದನ್ನು ಅವರು ಮೂರು ಸಲ ಹೇಳಬೇಕಾಯಿತು. ಎರಡು ಸಲ ಹೇಳಿದರೂ ನೀತಾಳಿಗೆ ಕೇಳಿಸಿರಲಿಲ್ಲ.

ಗಾಡಿ ಎತ್ತಿ ತಂದ ಮೆಕ್ಯಾನಿಕ್ ಆ ಟೈರನ್ನು ತೋರಿಸಿದ. ಮೇಲಿನ ಪದರು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದು ಜೋತಾಡುತ್ತಿತ್ತು. ಅಂಚಿನಲ್ಲಿ ಅಲ್ಲಲ್ಲಿ ಆ ಸಣ್ಣ ಕೂದಲು ಇನ್ನೂ ಉಳಿದಿದ್ದವು.

ಆರು ತಿಂಗಳು ಕಳೆದವು. ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ. ಚನ್ನಬಸವ್ವ ಮೊಮ್ಮಗಳ ಕಾಲಿಗೆ ದಿನಾ ಎಣ್ಣೆ ತಿಕ್ಕುತ್ತಾಳೆ, "ಇವತ್ತ ಬೆಚ್ಚಗಾಗ್ಯಾವ ನೋಡ," ಎನ್ನುತ್ತಾಳೆ. ಬಸವಪ್ರಭು ಬೆಳಿಗ್ಗೆ ಎದ್ದವನೇ ಮಗಳ ಗಾಲಿಕುರ್ಚಿಯ ಎರಡೂ ಚಕ್ರಗಳನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಾನೆ. ಅವು ಗಟ್ಟಿ ರಬ್ಬರಿನವು, ಗಾಳಿ ತುಂಬುವಂಥವಲ್ಲ. ಅದು ಅವನಿಗೂ ಗೊತ್ತು. ಆದರೂ ಒತ್ತುತ್ತಾನೆ.

ಗಾಡಿ ಮಾರಿಬಿಡಬೇಕೆಂದಿದ್ದರು. ಮಾರಲಾಗಲಿಲ್ಲ. ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಬೇಕು, ಗಾಲಿಕುರ್ಚಿ ಸಣ್ಣ ಗಾಡಿಯಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಅದನ್ನೇ ರಿಪೇರಿ ಮಾಡಿಸಿ, ಮತ್ತೆ ರೇಣುವಿನ ಅಂಗಡಿಯ ಮುಂದೆ ತಂದು ನಿಲ್ಲಿಸಿದರು.

"ಐದು ಹಾಕವ್ವ," ಎಂದ ಬಸವಪ್ರಭು. ಅಷ್ಟೇ ಹೇಳಿ ಹಳೆಯ ಟೈರಿನ ಮೇಲೆ ಕುಳಿತ.

ಅವತ್ತೇ ಹೇಳಿದ್ದೆನಲ್ಲ ಎಂದು ರೇಣು ಅನ್ನಲಿಲ್ಲ. ಚಹಾ ತರಿಸಿದಳು. ಅವನು ಕಪ್ಪನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ. "ರೇಣು, ಅವತ್ತ ನೀ ಗಟ್ಟಿಸಿ ಬೈದಿದ್ರ ನಾ ಕೇಳ್ತಿದ್ನೇನು?"

ರೇಣು ಹೊಸ ಟೈರುಗಳನ್ನು ಇಳಿಸತೊಡಗಿದಳು.

"ಅಕಿ ಅಲ್ಲ, ನಾ ಬೈಬೇಕಿತ್ತು," ಎಂದಳು ನೀತಾ. "ನನಗ ಗೊತ್ತಿತ್ತು. ಕುಕ್ಕರ್ ರಿಂಗ್ ಬಿರಿದಿತ್ತು, ನೆನಪದ ಏನ್ರಿ? ಹೇಳಿದ್ರ ಮಂದಿ ನಗತಾರ ಅಂತ ಸುಮ್ನಾದೆ."

ಅವನು ಕಪ್ಪನ್ನು ನೆಲದ ಮೇಲಿಟ್ಟ. ಚಹಾ ಆರಿಹೋಯಿತು.

ನೀತಾ ಎದ್ದು ಡ್ರೈವರ್ ಬಾಗಿಲು ತೆಗೆದಳು. ಒಳಕಂಬದ ಮೇಲೆ ಕಂಪನಿ ಅಂಟಿಸಿದ ಚೀಟಿಯಲ್ಲಿ ಟೈರಿನ ಅಳತೆ, ಗಾಳಿಯ ಪ್ರಮಾಣ ಬರೆದಿತ್ತು. ಅದನ್ನು ಹೊಸ ಟೈರಿನ ಅಳತೆಯೊಂದಿಗೆ ಹೋಲಿಸಿದಳು. ಅಳತೆಯ ಪಕ್ಕದಲ್ಲಿರುವ ಭಾರದ ಅಂಕಿ ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು ಎಂದು ರೇಣು ತೋರಿಸಿಕೊಟ್ಟಳು. ಆಮೇಲೆ ನೀತಾ ನೆಲಕ್ಕೆ ಮೊಣಕಾಲೂರಿ ಒಂದೊಂದರ ಹುಟ್ಟಿದ ತಾರೀಖು ಓದಿದಳು. ನಾಲ್ಕು ಟೈರು ಅದೇ ವರ್ಷದವು. ಐದನೆಯದು ಮೂರು ವರ್ಷ ಗೋದಾಮಿನಲ್ಲಿ ಬಿದ್ದದ್ದು.

"ಇದು ಬ್ಯಾಡ."

ರೇಣು ಮರುಮಾತಾಡದೆ ಬದಲಿಸಿದಳು. ಹೊಳೆಯುವ ಚಕ್ರಗಳ ಕಡೆ ಯಾರೂ ನೋಡಲಿಲ್ಲ.

ಈಗ ರವಿವಾರ ಬಸವಪ್ರಭು ಗಾಡಿ ಒರೆಸುವುದಿಲ್ಲ. ಸಂಜೆ ನೀತಾ ಮಗಳನ್ನು ಪಾರ್ಕಿಂಗಿಗೆ ಕರೆತರುತ್ತಾಳೆ. ಓಡಿ ಆಡುವ ಮಕ್ಕಳನ್ನು ಎಷ್ಟು ಹೊತ್ತು ನೋಡುತ್ತಾ ಕೂರುವುದು? ಚೇತನಾ ಕುರ್ಚಿ ತಳ್ಳಿಕೊಂಡು ಗಾಡಿಗಳ ನಡುವೆ ಹೋಗುತ್ತಾಳೆ. ಒಂದು ದಿನ ಮೇಲಿನ ಮನೆಯ ದಿಗಂಬರ ಕಾಕಾರನ್ನು ಕೂಗಿ ನಿಲ್ಲಿಸಿ, ನಿಮ್ಮ ಹಿಂದಿನ ಟೈರು ಎರಡು ಸಾವಿರದ ಹದಿನಾರನೇ ಇಸವಿಯದು ಎಂದು ಮರಾಠಿಯಲ್ಲಿ ಹೇಳಿದಳು. ಅವರು ಬಾಗಿ ನೋಡಿದರು, ಹುಡುಗಿಯ ಮುಖ ನೋಡಿದರು, ಮರುದಿನವೇ ಟೈರು ಬದಲಿಸಿದರು. ಅವತ್ತಿನಿಂದ ಅವಳು ಪಾರ್ಕಿಂಗಿನ ಇಪ್ಪತ್ತೆರಡು ಗಾಡಿಗಳ ತಾರೀಖನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ.

"ನಿನಗ ಇಷ್ಟು ಲಗೂನ ಹೆಂಗ ಕಾಣತದವಾ?" ಎಂದು ನೀತಾ ಕೇಳಿದಳು.

"ನಾ ಕುಂತೀನಲ್ಲ ಅವ್ವಾ. ನಿಂತವ್ರಿಗೆ ಇದು ಕಾಣಂಗಿಲ್ಲ."

ನೀತಾ ಸೆರಗಿನಿಂದ ಮಗಳ ಕೈಗೆ ಹತ್ತಿದ ಕಪ್ಪು ಒರೆಸಿದಳು. ತುಂಬಾ ಹೊತ್ತು ಒರೆಸಿದಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಇವತ್ತೇ ನಿಮ್ಮ ಗಾಡಿಯ ಹತ್ತಿರ ಹೋಗಿ. ಐದೂ ಟೈರಿನ ಆ ನಾಲ್ಕು ಅಂಕಿ ಓದಿ. ಹೊರಮಗ್ಗುಲಲ್ಲಿ ಕಾಣದಿದ್ದರೆ ಒಳಮಗ್ಗುಲಲ್ಲಿ ಹುಡುಕಿ. ಮೂಲೆಯಲ್ಲಿ ಸುಮ್ಮನೆ ಕುಳಿತ ಸ್ಟೆಪ್ನಿಗೂ ವಯಸ್ಸಾಗುತ್ತದೆ. ಬದಲಿಸುವಾಗ ಹೊಳಪು ನೋಡಬೇಡಿ, ಬಾಗಿಲ ಚೀಟಿ ನೋಡಿ. ದೂರ ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಿ. ಗೊತ್ತಿದ್ದ ಮಾತನ್ನು ಜನ ನಕ್ಕರೂ ಹೇಳಿಬಿಡಿ.

ಟೈರಿನ ಮುಂದೆ ಒಮ್ಮೆ ಕುಕ್ಕರಗಾಲಲ್ಲಿ ಕೂತು ನೋಡಿ. ನೋಡಿದ ಮೇಲೆ ಎದ್ದು ನಿಲ್ಲಲು ನಿಮಗಾದರೂ ಆಗುತ್ತದೆ.