ತೊಳೆದಿಟ್ಟ ತಟ್ಟೆ

ಮಂಡ್ಯಕ್ಕೆ ಬಂದವರು ಬೆಳಿಗ್ಗೆ ಎಲ್ಲಿ, ಏನು ತಿನ್ನಬೇಕು ಎಂದು ಕೇಳಿದರೆ ನಾನು ತಡವರಿಸದೆ ಹೇಳಬಲ್ಲೆ. ಐದು ವರ್ಷ ಹಾಸ್ಟೆಲಿನ ಉಪ್ಪಿಟ್ಟು ತಿಂದವಳಿಗೆ ಹೊರಗಿನ ತಿಂಡಿಯ ಭೂಗೋಳ ತಾನಾಗಿಯೇ ಗೊತ್ತಾಗುತ್ತದೆ. ಇಡ್ಲಿ ಬೇಕಿದ್ದರೆ ಎಂಟರೊಳಗೆ ಹೋಗಿ, ಆಮೇಲೆ ಚಟ್ನಿಗೆ ನೀರು ಬೀಳುತ್ತದೆ. ಭಾನುವಾರವಾದರೆ ಇಡ್ಲಿಗೆ ಕಾಲುಸೂಪು ಕೊಡುವ ಕಡೆ ಹೋಗಿ, ಸಾಂಬಾರಿನ ಯೋಚನೆ ಬಿಡಿ. ಮದ್ದೂರು ವಡೆಯನ್ನು ಮದ್ದೂರಿನಲ್ಲೇ ಇಳಿದು ತಿನ್ನಿ. ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಹೊಸಬರು ಬಂದರೆ ಎಲ್ಲರೂ ನನ್ನನ್ನೇ ತೋರಿಸುತ್ತಾರೆ: 'ಶೋಭಿತಾನ ಕೇಳಿ.'

ತಾತ ಕಣ್ಣು ತೋರಿಸಲು ಬರುತ್ತಾನೆ ಎಂದಾಗ ಅವನಿಗೆ ಎಲ್ಲಿ ತಿನ್ನಿಸಬೇಕೆಂದು ಎರಡು ದಿನ ಯೋಚಿಸಿದೆ. ತಾತ ಕೆಂಪಸಿದ್ದಯ್ಯನಿಗೆ ಎಪ್ಪತ್ತೆಂಟು. ಎಡಗಣ್ಣಿನ ಪೊರೆ ತೆಗೆಸಿ ಒಂದು ತಿಂಗಳಾಗಿತ್ತು. ಹಲಗೂರಿನಾಚೆಯ ನಮ್ಮೂರಲ್ಲಿ ಅವನ ಪ್ರಾಯದ ಕಾಲಕ್ಕೆ ಕೇರಿಯವರಿಗೆ, ಅಂದರೆ ನಮ್ಮಂಥ ದಲಿತರಿಗೆ, ಹೋಟೆಲಿನ ಒಳಗೆ ಜಾಗವಿರಲಿಲ್ಲ. ಆ ಅಭ್ಯಾಸಕ್ಕೇ ಇರಬೇಕು, ಅವನು ಈಗಲೂ ಎಲ್ಲಿ ಹೋದರೂ ನಿಂತೇ ಟೀ ಕುಡಿಯುತ್ತಾನೆ. ಕುರ್ಚಿ, ಮೇಜು, ಕೇಳಿದ್ದನ್ನು ತಂದಿಡುವ ಸಪ್ಲೈಯರ್ ಇರುವ ಕಡೆ ಅವನನ್ನು ಕೂರಿಸಬೇಕೆಂಬುದು ನನ್ನ ಹಟ.

ಅದೇ ದಿನ ಸಂಜೆ ನನಗೆ ಇನ್ನೊಂದು ಕೆಲಸವಿತ್ತು. ತಿಂಗಳ ಕೊನೆಗೆ ಹಾಸ್ಟೆಲ್ ಬಿಡಬೇಕು. ಗುತ್ತಲು ಬಡಾವಣೆಯಲ್ಲಿ ಒಂದು ಮಹಡಿ ಮನೆಯ ಮೇಲೆ ಒಂದು ಕೋಣೆ ನೋಡಿದ್ದೆ. ಬೀಗದಕೈ ಇಸಿದುಕೊಳ್ಳುವುದಷ್ಟೇ ಬಾಕಿ. ಅದಕ್ಕೆ ಮುಂಚೆ ಮೂರು ಮನೆ ತಪ್ಪಿದ್ದವು. ಮೊದಲೆರಡು ಕಡೆ ಯಾವ ಜನ ಎಂದು ಕೇಳಿದರು, ಹೇಳಿದೆ. ಒಬ್ಬರಿಗೆ ತಮ್ಮ ಬರುವವನಿದ್ದ, ಇನ್ನೊಬ್ಬರಿಗೆ ಮನೆ ರಿಪೇರಿ ಬಂತು. ಮೂರನೆಯವರು ಏನೂ ಕೇಳಲಿಲ್ಲ, ನನ್ನ ಮೊಬೈಲಿನ ಪರದೆಯ ಮೇಲಿದ್ದ ಬುದ್ಧನ ಪಟ ನೋಡಿದರು. ನಾಲ್ಕನೆಯ ಮನೆಗೆ ಹೋಗುವ ಮುಂಚೆ ಪಟ ತೆಗೆದು ಒಂದು ದಾಸವಾಳ ಹಾಕಿದೆ. ಮನೆಯೊಡತಿ ನಾಗಶ್ರೀ, 'ಯಾವ ಪೈಕಿನಮ್ಮ ನೀವು?' ಎಂದಾಗ, 'ನಿಮ್ಮೋರೇ ಆಂಟಿ. ಊರಲ್ಲಿ ತೋಟ ಐತೆ' ಎಂದೆ. ಆಕೆ ಕಾಫಿ ಕೊಟ್ಟರು. ನಮಗೆ ತೋಟವೂ ಇಲ್ಲ.

ಬೆಳಿಗ್ಗೆ ಎಂಟಕ್ಕೆ ತಾತ ಬಸ್ಸಿಳಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪಂಚೆ, ಹೆಗಲ ಮೇಲೆ ಟವಲು, ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ.

'ಒಳ್ಳೆ ಪೋಲೀಸ್‌ನೋರಂಗೆ ಕಾಣ್ತೀಯ' ಎಂದೆ.

'ಬಸ್ನಲ್ಲಿ ಒಬ್ಬ ಎದ್ದು ಸೀಟ್ ಕೊಟ್ಟ ಕಣ್ ಮೊಗ. ಇನ್ಮೇಲೆ ಇದ ತಗ್ಯಾಕಿಲ್ಲ ನಾನು.'

ಹೋಟೆಲಿನ ಬಾಗಿಲಲ್ಲಿ ಒಂದು ಕ್ಷಣ ನಿಂತ. ನಾನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ಬದಿಯ ಮೇಜಿಗೆ ಕೂರಿಸಿದೆ. ಐವತ್ತರ ಆಸುಪಾಸಿನ ಸಪ್ಲೈಯರ್ ಬಂದು ನೀರಿಟ್ಟ.

'ಮುದ್ದೆ ಸಿಕ್ಕಾಕಿಲ್ವಾ?' ತಾತ ಕೇಳಿದ.

'ಅದು ಮಧ್ಯಾನ್ಕೆ ಯಜಮಾನ್ರೇ. ಈಗ ಇಡ್ಲಿ, ವಡೆ, ಪೂರಿ, ಮಸಾಲೆ ದೋಸೆ, ಖಾಲಿ ದೋಸೆ.'

'ಕಾಲಿ ದೋಸ್ಗೂ ಕಾಸ್ ಇಸ್ಕತ್ತೀರಾ?'

ಸಪ್ಲೈಯರ್ ಜೋರಾಗಿ ನಕ್ಕ. 'ಪಲ್ಯ ಮಾತ್ರ ಖಾಲಿ ತಾತ, ದೋಸೆ ಇರ್ತದೆ.'

ನಾನು ಅವನಿಗೆ ಪೂರಿ, ನನಗೆ ದೋಸೆ ಹೇಳಿದೆ. ಬಂದ ಪೂರಿಯನ್ನು ತಾತ ಬೆರಳಲ್ಲಿ ಒತ್ತಿದ. ಹಬೆ ಪುಸ್ಸೆಂದಿತು. 'ಪಂಚಾಯ್ತಿ ಸೆಕ್ರೆಟ್ರಿ ಒಟ್ಟೆ ಇದ್ದಂಗದಲ್ಲ ಇದು' ಎಂದ. ಅವನು ಆರಾಮಾಗಿದ್ದ. ಬೆನ್ನನ್ನು ಕುರ್ಚಿಗೆ ಒರಗಿಸಿದ್ದ. ಸಪ್ಲೈಯರ್ ಕೇಳದೆಯೇ ಇನ್ನಷ್ಟು ಸಾಗು ತಂದು ಹಾಕಿದ. ನನಗೆ ಏನೋ ಗೆದ್ದಂತಾಗಿತ್ತು. ಫೋಟೋ ತೆಗೆದುಕೊಂಡೆ.

ಆಗ ಬಂದರು ಜಯಪ್ರಕಾಶ್, ನಾಗಶ್ರೀಯವರ ಗಂಡ. ರಿಟೈರಾದ ಮೇಷ್ಟ್ರು. ಕೈಯಲ್ಲಿ ಸಾಂಬಾರಿಗೆಂದು ತಂದ ಸ್ಟೀಲ್ ಕ್ಯಾರಿಯರ್ ಇತ್ತು.

'ಸೋಬಿತಾ ಅಲ್ವೇನಮ್ಮ? ಸಂಜೆ ಬತ್ತೀನಿ ಅಂದೋಳು ಇಲ್ಲೇ ಸಿಕ್ಬುಟ್ಯಲ್ಲ!' ಎಂದು ಪಾರ್ಸೆಲ್ ಹೇಳಿ ಬಂದು ತಾತನ ಪಕ್ಕದ ಕುರ್ಚಿಯಲ್ಲೇ ಕೂತರು. 'ನೀರು ಬೆಳಗ್ಗೆ ಆರಕ್ಕೆ ಬತ್ತದೆ, ತುಂಬ್ಕೋಬೇಕು. ಕೋಳಿ, ಮಟನ್ನು ಏನಾರ ಮಾಡ್ಕೊ, ನಾವೂ ತಿನ್ನೋರೇ. ದನದ್ದು ಗಿನದ್ದು ತಿನ್ನೋ ಜನಾನ ಮಾತ್ರ ಕರ್ಕಬರ್ಬೇಡ. ನೀ ತರಾಕಿಲ್ಲ ಬುಡು, ನಮ್ ಮಗೀನೇ. ಆದ್ರೂ ಏಳ್ಬೇಕಲ್ಲ.'

'ಹೂಂ ಅಂಕಲ್' ಎಂದೆ.

ತಾತನನ್ನು ನೋಡಲಿಲ್ಲ. ನೋಡದೆಯೇ ಗೊತ್ತಾಯಿತು, ಅವನ ಬೆನ್ನು ಕುರ್ಚಿಯಿಂದ ಬಿಟ್ಟಿತ್ತು. ಕುರ್ಚಿಯನ್ನು ಗೋಡೆಯ ಕಡೆಗೆ ಎಳೆದುಕೊಂಡ. ಉಳಿದಿದ್ದ ಪೂರಿಯನ್ನು ಎರಡೇ ತುತ್ತಿಗೆ ಬಾಯಿಗೆ ಹಾಕಿ ಎದ್ದ. ಎದ್ದವನು ತನ್ನ ತಟ್ಟೆ, ಲೋಟ ಎರಡನ್ನೂ ಕೈಗೆತ್ತಿಕೊಂಡು ಕೈ ತೊಳೆಯುವ ನಲ್ಲಿಯ ಹತ್ತಿರ ಹೋದ.

ತಟ್ಟೆಯನ್ನು ನೀರಿಗೆ ಹಿಡಿದು ಅಂಗೈಯಲ್ಲಿ ಉಜ್ಜಿದ. ತಿರುಗಿಸಿ ಹಿಂಬದಿಯನ್ನೂ ಉಜ್ಜಿದ. ಲೋಟದೊಳಗೆ ಬೆರಳು ಹಾಕಿ ಸುತ್ತ ತೊಳೆದ. ಆ ಕಾಲಕ್ಕೆ ಊರ ಹೋಟೆಲಿನ ಹೊರಗೆ ಗೋಡೆಯಲ್ಲಿ ಒಂದು ಗೂಡು, ಅದರಲ್ಲಿ ಕೇರಿಯವರ ತಟ್ಟೆ ಲೋಟ, ತಿಂದು ತಾವೇ ತೊಳೆದು ಅಲ್ಲೇ ಇಡಬೇಕು. ನಮ್ಮೂರಲ್ಲಿ ಅದು ಅಪ್ಪನ ಕಾಲಕ್ಕೆ ನಿಂತಿತು. ನಾನು ಕೇಳಿದ್ದೆ, ಕಂಡಿರಲಿಲ್ಲ. ಈಗ ಮಂಡ್ಯದಲ್ಲಿ, ಹೋಟೆಲಿನ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕಂಡೆ. ತಾತ ತೊಳೆದದ್ದನ್ನು ಹಿಡಿದುಕೊಂಡು ಎಲ್ಲಿಡಬೇಕೆಂದು ಗೋಡೆಯುದ್ದಕ್ಕೂ ಹುಡುಕುತ್ತಿದ್ದ.

'ಯಜಮಾನ್ರೇ, ಅದ್ಯಾಕ್ ತೊಳೀತೀರಿ, ಬುಡಿ! ನಮ್ ಕೆಲ್ಸ ಕಿತ್ಕತ್ತೀರಾ?' ಸಪ್ಲೈಯರ್ ಓಡಿದ. ಎರಡು ಮೇಜಿನವರು ತಿರುಗಿ ನೋಡಿದರು.

ಜಯಪ್ರಕಾಶ್ ಕೂಡ ನೋಡಿದರು. ಅವರ ವಯಸ್ಸಿನ ಹಳ್ಳಿಯವರಿಗೆ ಅದೇನೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಖ ನನ್ನ ಕಡೆ ತಿರುಗಿತು. ನಗು ಹೋಗಿತ್ತು.

'ಯಾರಮ್ಮ ಅದು?'

ಬಾಯಿಗೆ ಮೊದಲು ಬಂದದ್ದು 'ತಾತ' ಎಂಬುದೇ. ಅದನ್ನು ನುಂಗಿದೆ. 'ನಮ್ಮನೆ ಆಳು' ಎಂದೆ. 'ತೋಟದ ಕೆಲಸದೋರು. ಕಣ್ಣು ತೋರ್ಸಕ್ಕೆ ಅಪ್ಪ ಕಳ್ಸಿದ್ರು.'

ಒತ್ತಿ ಹೇಳಬೇಕಾಗಿ ಬರಲಿಲ್ಲ. ಮಾತು ಸಲೀಸಾಗಿ ಬಂತು. ಅದೇ ಈಗಲೂ ಚುಚ್ಚುವುದು.

'ಅಂಗಾ!' ಅವರು ಉಸಿರು ಬಿಟ್ಟರು. 'ನಾನೇನೋ ಅನ್ಕಂಡೆ. ಆಳ್ನ ಪಕ್ಕದಲ್ಲಿ ಕೂರುಸ್ಕಂಡು ತಿನ್ನುಸ್ತಿದ್ದೀಯಲ್ಲ, ದೊಡ್ ಮನ್ಸು ಕಣಮ್ಮ ನಿಂದು. ಈ ಕಾಲದ ಮಕ್ಳು ಇಂಗಿರ್ಬೇಕು.'

ತಾತ ಬಂದು ಮೇಜಿನ ಹತ್ತಿರ ನಿಂತಿದ್ದ. ಎಷ್ಟು ಕೇಳಿಸಿಕೊಂಡಿದ್ದನೋ ಆ ಕಪ್ಪು ಕನ್ನಡಕದ ಹಿಂದೆ ತಿಳಿಯಲಿಲ್ಲ.

'ಏನಪ್ಪಾ, ಇವ್ರ ಮನೇಲಿ ಎಷ್ಟೊರ್ಸದಿಂದ ಇದ್ದೀಯ?' ಜಯಪ್ರಕಾಶ್ ಕೇಳಿದರು.

ತಾತ ನನ್ನ ಕಡೆಗೊಮ್ಮೆ ಮುಖ ತಿರುಗಿಸಿದ. ಆಮೇಲೆ ಟವಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸೇರಿಸಿದ.

'ಬೋ ವರ್ಸಾಯ್ತು ಬುದ್ದಿ' ಎಂದ. 'ಈ ಅವ್ವೋರು ಉಟ್ಟಕ್ಕೂ ಮುಂಚಿಂದ. ನಾನೇ ಎತ್ತಾಡ್ಸಿವ್ನಿ.'

'ಒಳ್ಳೆ ಜನ ಸಿಕ್ಕವ್ರೆ ನಿಂಗೆ.'

'ಊಂ ಬುದ್ದಿ.'

ಜಯಪ್ರಕಾಶ್ ಎದ್ದು ಕೌಂಟರಿಗೆ ಹೋದರು. ನನ್ನ ಮುಂದೆ ಅರ್ಧ ದೋಸೆ ಇತ್ತು. ತಾತ ಇನ್ನೂ ನಿಂತೇ ಇದ್ದ.

'ತಾತ, ಕೂತ್ಕೊ' ಎಂದೆ.

'ಸುಮ್ಕಿರು. ಈಗ್ಲೇ ತಾತ ಗೀತ ಅನ್ಬೇಡ' ಎಂದ ಮೆಲ್ಲಗೆ, ತುಟಿ ಅಲ್ಲಾಡಿಸದೆ. 'ಆವಯ್ಯ ಇನ್ನೂ ಅಲ್ಲೇ ನಿಂತವ್ನೆ.'

ದೋಸೆ ಬಿಟ್ಟು ಎದ್ದೆ. ಸಪ್ಲೈಯರ್ 'ಯಾಕಮ್ಮ, ಚೆನ್ನಾಗಿಲ್ವಾ?' ಎಂದ. ಚೆನ್ನಾಗಿದೆ ಎಂದೆ. ನಿಜಕ್ಕೂ ಚೆನ್ನಾಗಿತ್ತು.

ಆಸ್ಪತ್ರೆಗೆ ಅಲ್ಲಿಂದ ಕಾಲು ಗಂಟೆಯ ದಾರಿ. ತಾತ ನನಗಿಂತ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದ. 'ಜೊತೇಲಿ ಬಾ' ಎಂದೆ. 'ನೀ ನಡಿ, ನಂಗೇನ್ ದಾರಿ ಗೊತ್ತಿಲ್ವಾ' ಎಂದ. ಇನ್ನೊಂದು ಸಲ ಕರೆಯಬಹುದಿತ್ತು. ಆ ರಸ್ತೆಯಲ್ಲೇ ಮುಂದೆ ಹೋದರೆ ಗುತ್ತಲು. ಸಂತೆಗೆ, ಅಂಗಡಿಗೆ ಅಲ್ಲಿಯವರು ಅದೇ ದಾರಿಯಲ್ಲಿ ಓಡಾಡುತ್ತಾರೆ. ನಾನು ಕರೆಯಲಿಲ್ಲ.

ಡಾಕ್ಟರು ಕಣ್ಣು ಚೆನ್ನಾಗಿ ಕೂಡಿಕೊಂಡಿದೆ ಎಂದರು. ಗೋಡೆಯ ಮೇಲಿನ ಅಕ್ಷರ ಓದಲು ಹೇಳಿದರು. ತಾತನಿಗೆ ಓದಲು ಬರುವುದಿಲ್ಲ. ಆಮೇಲೆ ಬೆರಳು ತೋರಿಸಿ ಎಷ್ಟು ಎಂದು ಕೇಳಿದರು. ಮೂರು, ಎರಡು, ನಾಕು ಎಂದು ತಪ್ಪಿಲ್ಲದೆ ಹೇಳಿದ.

ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು, ಡ್ರೈವರ್ ಇರಲಿಲ್ಲ. ತಾತ ಕಿಟಕಿ ಪಕ್ಕ ಕೂತ. ನಾನು ಕೆಳಗೆ ನಿಂತೆ.

'ನೀ ಅಂಗನ್ದೇ ಇದ್ರೆ ಆವಯ್ಯ ಮನೆ ಕೊಡ್ತಿರ್ನಿಲ್ವಾ?' ಎಂದು ಕೇಳಿದ.

'ಇಲ್ಲ.'

'ಬ್ಯಾರೆ ಎಲ್ಲೂ?'

'ಮೂರು ಕಡೆ ಕೇಳ್ದೆ.'

'ಅಂಗಾರೆ ಸರಿ ಬುಡು. ಎಣ್ಮಗ ಒಬ್ಳೆ ಇರಾಕೆ ಒಂದ್ ಜಾಗ ಬೇಕಲ್ಲ.' ಕಿಟಕಿಯ ಸರಳು ಹಿಡಿದು ನನ್ನ ಕಡೆ ಬಾಗಿದ. 'ತೆಪ್ಪು ನಂದೇ ಕಣವ್ವ. ಆವಯ್ಯ ಬಂದು ಪಕ್ಕದಲ್ಲಿ ಕುಂತ್ನಲ್ಲ, ಕೈ ತಾನ್ತಾನೇ ತಟ್ಟೆ ಎತ್ಕಬುಡ್ತು. ನಿಮ್ಮಪ್ಪಂಗೆ ಏಳ್ಬ್ಯಾಡ. ಊರ್ ಓಟ್ಲಲ್ಲಿ ಆ ಲೋಟಗಳ ಬೀದಿಗೆ ಎಸ್ದು ತಲೆ ಒಡುಸ್ಕಂಡೋನು ಅವ್ನು. ಆರ್ ವಲಿಗೆ ಆಕಿದ್ರು.'

ಆರು ಹೊಲಿಗೆಯ ವಿಷಯ ನನಗೆ ಗೊತ್ತಿರಲಿಲ್ಲ. ಅಪ್ಪನ ಹಣೆಯ ಗೆರೆ ಎತ್ತು ಹಾಯ್ದದ್ದು ಎಂದೇ ಮನೆಯಲ್ಲಿ ಹೇಳಿದ್ದರು.

ತಪ್ಪಾಯ್ತು ತಾತ ಎನ್ನಬೇಕಿತ್ತು. ಬಸ್ಸು ಹೊರಟುಬಿಟ್ಟಿತು, ಹೇಳಲಾಗಲಿಲ್ಲ ಎಂದು ಬರೆಯಬಹುದು. ಆದರೆ ಬಸ್ಸು ಹತ್ತು ನಿಮಿಷ ನಿಂತೇ ಇತ್ತು. ನಾನು ಮಾತ್ರೆ ಊಟಕ್ಕೆ ಮುಂಚೆಯೋ ಆಮೇಲೆಯೋ ಎಂಬುದನ್ನು ಎರಡು ಸಲ ಹೇಳಿದೆ.

ಸಂಜೆ ಗುತ್ತಲಿಗೆ ಹೋದೆ. ನಾಗಶ್ರೀ ಬಾಗಿಲಲ್ಲೇ ನಿಂತಿದ್ದರು. ಗಂಡ ಬೆಳಿಗ್ಗೆಯದನ್ನೆಲ್ಲ ಹೇಳಿದ್ದರು. ಮೊದಲ ಸಲಕ್ಕಿಂತ ಹೆಚ್ಚು ಅಕ್ಕರೆಯಿಂದ ಮಾತಾಡಿಸಿ, ಒಳಗೆ ಕೂರಿಸಿ, ರವೆ ಉಂಡೆ ಕೊಟ್ಟರು. ತಿಂದೆ. ಬೀಗದಕೈ ತಂದು ನನ್ನ ಅಂಗೈಯಲ್ಲಿಟ್ಟರು.

'ನಿಮ್ಮ ಆಳು ಕಣ್ಣಿಗೆ ಮತ್ತೆ ಬರ್ಬೇಕಾಗ್ತದೇನೋ ಅಲ್ವಾ? ಪಾಪ, ವಯಸ್ಸಾದೋರು. ಬಂದ್ರೆ ಮೆಟ್ಲು ಕೆಳ್ಗೆ ಜಾಗ ಅದೆ, ಚಾಪೆ ಹಾಕ್ಕೊಂಡು ಮಲೀಕ್ಕಳ್ಳಿ. ನಾವೇನೂ ಅನ್ನಾಕಿಲ್ಲ. ಮೇಲಕ್ಕೆ ಮಾತ್ರ ಹತ್ತುಸ್ಬೇಡ.'

'ಆಗ್ಲಿ ಆಂಟಿ. ಹೇಳ್ತೀನಿ' ಎಂದೆ.

ಬೀಗದಕೈ ಹಿಡಿದು ಆ ಮೆಟ್ಟಿಲು ಹತ್ತಿದೆ.